ದುರ್ಬೀನಿನ ಎದುರು ನಿಂತವರು

ಹೊಸ ಚರಂಡಿಗೆ ಅಗೆದ ರಸ್ತೆಯ ಪಕ್ಕ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬರು ಕೂತಿದ್ದಾರೆ. ಬೆಳಗಿನ ಆರು ಗಂಟೆ. ಆಳೆತ್ತರದ ಎರಡರಷ್ಟಿರುವ ಅಳತೆಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅದರ ತಳ ಒರೆಸುತ್ತಿದ್ದಾರೆ. ಮೊದಲು ಒದ್ದೆ ಬಟ್ಟೆ. ಆಮೇಲೆ ಮೂಲೆಗಳಲ್ಲಿ ಸಿಕ್ಕಿಕೊಂಡ ಮಣ್ಣಿಗೆ ಬೆಂಕಿಕಡ್ಡಿ. ಕೊನೆಗೆ ಹೆಬ್ಬೆರಳು ಸವರಿ ನೋಡುತ್ತಾರೆ. ಅಳತೆಯ ಯಂತ್ರ ನಿಲ್ಲಿಸಿಕೊಂಡು ಕಾಯುತ್ತಿರುವ ಎಂಜಿನಿಯರ್ ಹುಡುಗಿ ಅವಸರ ಮಾಡುವುದಿಲ್ಲ. ಒರೆಸಿ ಮುಗಿಸಿದವರು ಕೋಲನ್ನೇ ಊರಿಕೊಂಡು, ಮಂಡಿ ಹಿಡಿದು, ಎರಡು ಸಲಕ್ಕೆ ಎದ್ದು ನಿಲ್ಲುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಕೋಲಣ್ಣ ಎಂದು. ವಯಸ್ಸು ಅರವತ್ತೆರಡು. ನೆಲದ ಏರುತಗ್ಗು ಅಳೆಯುವಾಗ ಯಂತ್ರದ ದುರ್ಬೀನಿನಲ್ಲಿ ಕಣ್ಣಿಟ್ಟು ನೋಡುವವರು ಒಬ್ಬರು, ದೂರದಲ್ಲಿ ಅಂಕಿ ಬರೆದ ಕೋಲು ಹಿಡಿದು ನಿಲ್ಲುವವರು ಇನ್ನೊಬ್ಬರು. ನೋಡಿದವರ ಹೆಸರು ನಕ್ಷೆಯ ಮೂಲೆಯಲ್ಲಿ ಬರುತ್ತದೆ. ಹಿಡಿದವರ ಹೆಸರಿಗೆ ನಕ್ಷೆಯಲ್ಲಿ ಜಾಗವಿಲ್ಲ. ಕೋಲಣ್ಣ ನಲವತ್ತೊಂದು ವರ್ಷದಿಂದ ಹಿಡಿಯುತ್ತಿದ್ದಾರೆ. ದಿನಕ್ಕೆ ಎಂಬತ್ತರಿಂದ ತೊಂಬತ್ತು ಕಡೆ ನಿಲ್ಲುತ್ತಾರೆ, ಆರೇಳು ಕಿಲೋಮೀಟರ್ ನಡೆಯುತ್ತಾರೆ.

“ಸುಮ್ನೆ ಹಿಡ್ಕೊಂಡು ನಿಲ್ಲೋದಲ್ವಾ, ಅದರಲ್ಲೇನಿದೆ ಅಂತಾರೆ. ನೆಟ್ಟಗಿದೆ ಅಂತ ನನಗನಿಸಿದ್ರೆ ಸಾಲದು. ಮಗು ತೂಗಿದ ಹಾಗೆ ಮೆಲ್ಲಗೆ ಹಿಂದೆ ಮುಂದೆ ತೂಗ್ಬೇಕು. ತೂಗುವಾಗ ಕಾಣೋ ಅತಿ ಸಣ್ಣ ಅಂಕಿ ಇದೆಯಲ್ಲ, ಅದೇ ನಿಜವಾದದ್ದು. ಕೋಲು ವಾಲಿದ್ರೆ ಅಂಕಿ ದೊಡ್ಡದಾಗಿಬಿಡುತ್ತೆ. ಮನುಷ್ಯರ ಥರಾನೇ,” ಎಂದು ನಗುತ್ತಾರೆ.

ತಳ ಒರೆಸುವ ಅಭ್ಯಾಸದ ಹಿಂದೆ ಒಂದು ತಪ್ಪಿದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದು ಚರಂಡಿಯ ಅಳತೆಯ ನಡುವೆ, ಕೋಲಿನ ತಳಕ್ಕೆ ಹೆಬ್ಬೆರಳು ದಪ್ಪದ ಮಣ್ಣು ಅಂಟಿದ್ದು ಇವರ ಗಮನಕ್ಕೆ ಬರಲಿಲ್ಲ. ಅಲ್ಲಿಂದ ಮುಂದಿನ ಅಳತೆಯೆಲ್ಲ ಅಷ್ಟಷ್ಟೇ ತಪ್ಪಾಯಿತು. ಪೈಪು ಹಾಕಿದ ಮೇಲೆ ನೀರು ಮುಂದೆ ಹೋಗದೆ ನಿಂತಿತು. ಮೇಲಿನವರು ಕರೆದು ಕೇಳಿದಾಗ ಉತ್ತರ ಕೊಟ್ಟವರು ಅವತ್ತು ಯಂತ್ರ ನೋಡಿದ್ದ ಸರ್ವೆಯರ್. ಕೋಲಣ್ಣನಿಗೆ ಅವರು ಇವತ್ತಿಗೂ ‘ಸರ್’.

“‘ನನ್ನ ಹಳೇ ದುರ್ಬೀನಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತೆ, ಓದೋದರಲ್ಲಿ ನಾನೇ ತಪ್ಪಿದೆ’ ಅಂದ್ಬಿಟ್ರು ಸರ್. ಕೋಲಿಗೆ ಅಂಟಿ ಒಣಗಿದ ಮಣ್ಣನ್ನ ಅವರು ಒಳಗೆ ಹೋಗೋ ಮುಂಚೆನೇ ನೋಡಿದ್ರು. ಹೊರಗೆ ಬಂದು ಬೈತಾರೆ ಅಂತ ನಾನು ಕಾಯ್ತಾ ನಿಂತಿದ್ದೆ. ಜೇಬಿಂದ ಕರ್ಚೀಫ್ ತೆಗೆದು ಕೈಗೆ ಕೊಟ್ರು. ಕೋಲಿನ ತಳ ತೋರಿಸಿದ್ರು. ಅಷ್ಟೇ. ಅವತ್ತು ಅವರು ನಿಜ ಹೇಳಿದ್ದಿದ್ರೆ ನಾನು ಇಲ್ಲಿರ್ತಿರಲಿಲ್ಲ.”

ಆ ಮೇಲೆ ಇಬ್ಬರೂ ಇಪ್ಪತ್ತಾರು ವರ್ಷ ಎದುರು ಬದುರು ನಿಂತು ದುಡಿದರು. ಕಚೇರಿಗೆ ಹೊಸ ಯಂತ್ರಗಳು ಬಂದರೂ ಅನುಮಾನ ಬಂದಾಗ ಸರ್ ತಮ್ಮ ಗುರುಗಳಿಂದ ಬಂದ ಆ ಹಳೇ ಹಿತ್ತಾಳೆಯ ಯಂತ್ರವನ್ನೇ ತೆಗೆಯುತ್ತಿದ್ದರಂತೆ. ‘ಇಷ್ಟು ವರ್ಷ ನಿನ್ನನ್ನು ತಲೆಕೆಳಗಾಗಿಯೇ ನೋಡಿದೀನಿ ಮಾರಾಯ, ನೆಟ್ಟಗೆ ಎದುರಿಗೆ ಬಂದ್ರೆ ಗುರುತೇ ಸಿಗಲ್ಲ’ ಎಂದು ಚುಡಾಯಿಸುತ್ತಿದ್ದರಂತೆ. ಆರು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ, ಅವರು ಹೇಳಿಹೋದಂತೆ, ಆ ಯಂತ್ರ ಮರದ ಪೆಟ್ಟಿಗೆ ಮತ್ತು ಮೂರು ಕಾಲಿನ ಸ್ಟ್ಯಾಂಡಿನ ಸಮೇತ ಕೋಲಣ್ಣನ ಮನೆಗೆ ಬಂತು. ನೂರು ವರ್ಷಕ್ಕೂ ಹಳೆಯದು.

ಈಗ ಅದೇ ದೊಡ್ಡ ಚಿಂತೆ. ಕೋಲಣ್ಣನ ಎರಡೂ ಮಂಡಿ ಸವೆದಿವೆ. ಆಪರೇಷನ್ ಆಗದಿದ್ದರೆ ಬರುವ ವರ್ಷ ನಿಲ್ಲುವ ಕೆಲಸ ಇಲ್ಲ ಎಂದಿದ್ದಾರೆ ಡಾಕ್ಟರು. ಹಳೇ ಸಾಮಾನಿನ ಅಂಗಡಿಯವರು ಯಂತ್ರಕ್ಕೆ ಹೇಳಿರುವ ಬೆಲೆ ಆಪರೇಷನ್ನಿಗೆ ಸಾಕಾಗುತ್ತದೆ. ನಾಲ್ಕು ತಿಂಗಳಿಂದ ಕೋಲಣ್ಣ ಅವರಿಗೆ ‘ಮುಂದಿನ ವಾರ’ ಎನ್ನುತ್ತಲೇ ಇದ್ದರು.

“ಆ ಮೂರು ಕಾಲಿನದನ್ನ ಮಾರಿ ನಿಮ್ಮ ಎರಡು ಕಾಲು ರಿಪೇರಿ ಮಾಡಿಸ್ಕೊಳ್ರೀ ಅಂತ ಬಡ್ಕೋತಾನೇ ಇದ್ದೆ,” ಎನ್ನುತ್ತಾರೆ ಅವರ ಹೆಂಡತಿ, ಇಸ್ತ್ರಿ ಪೆಟ್ಟಿಗೆಯಿಂದ ಕೈ ತೆಗೆಯದೆ. “ಮಂಚದ ಕೆಳಗೆ ಅದನ್ನ ಮಲಗಿಸಿ, ಮಂಚದ ಮೇಲೆ ಇವರು ನರಳ್ತಾರೆ.”

“ಸರ್ ಕೊಟ್ಟಿದ್ದು ಕಣೇ.”

“ನಾನೇನು ಕದ್ದಿದ್ದು ಅಂದ್ನಾ?”

ಹೋದ ವಾರ ಕೋಲಣ್ಣ ಸರ್ವೆಯರ್ ಅವರ ಹೆಂಡತಿಯ ಮನೆಗೆ ಹೋಗಿ, ಬಾಗಿಲ ಹೊರಗೇ ನಿಂತು ವಿಷಯ ಹೇಳಿದರು. ಆ ಅಮ್ಮ ಒಳಗೆ ಕರೆದು ಕೂರಿಸಿದರು. ‘ಅವರಿಗೆ ನಡೆಯೋಕಾಗದಿದ್ದಾಗ ಆ ಪೆಟ್ಟಿಗೇನೂ ಹೊತ್ತು, ಅವರ ಕೈಯನ್ನೂ ಹಿಡಿದು ಗುಡ್ಡ ಹತ್ತಿಸಿದವರು ಯಾರು ಕೋಲಣ್ಣ? ನಿಮ್ಮ ಕಾಲಿಗಿಂತ ಹಿತ್ತಾಳೆ ದೊಡ್ಡದು ಅಂತ ಅವರು ಇದ್ದಿದ್ರೆ ಹೇಳ್ತಿದ್ರಾ?’ ಎಂದರಂತೆ. ಕೋಲಣ್ಣ ಅಲ್ಲಿ ಎರಡು ಲೋಟ ನೀರು ಕುಡಿದು ಬಂದರು. ಅವತ್ತೇ ಅಂಗಡಿಗೆ ಫೋನು ಮಾಡಿದರು. “ಒಂದು ಸಲ ನೌಕರಿ ಉಳಿಸಿಕೊಟ್ರು. ಈಗ ಕಾಲೂ ಉಳಿಸಿಕೊಡ್ತಿದಾರೆ. ಹೋದ ಮೇಲೂ ಇಷ್ಟು ಮಾಡೋರು ಯಾರಿಗೆ ಸಿಗ್ತಾರೆ ಹೇಳಿ,” ಎನ್ನುವಾಗ ಕನ್ನಡಕ ತೆಗೆದು ಒರೆಸುತ್ತಾರೆ.

ಇವತ್ತು ಭಾನುವಾರ, ಕೆಲಸಕ್ಕೆ ರಜೆ. ಮಧ್ಯಾಹ್ನ ಅಂಗಡಿಯವರು ಬರುತ್ತಾರೆ. ಅದಕ್ಕೂ ಮೊದಲು ಕೋಲಣ್ಣನಿಗೆ ಒಂದೇ ಆಸೆ. ಈ ದುರ್ಬೀನಿನಿಂದ ಅವರು ಮರ ನೋಡಿದ್ದಾರೆ, ಗೋಡೆ ನೋಡಿದ್ದಾರೆ, ಕೋಲು ಹಿಡಿದು ನಿಂತವರನ್ನು ನೋಡಿಲ್ಲ. ಕೋಲು ಯಾವಾಗಲೂ ಅವರ ಕೈಯಲ್ಲೇ ಇರುತ್ತಿತ್ತಲ್ಲ. “ಸರ್‌ಗೆ ನಾನು ಹೇಗೆ ಕಾಣ್ತಿದ್ದೆ ಅಂತ ಒಂದ್ಸಲ ನೋಡ್ಬೇಕು,” ಎನ್ನುತ್ತಾರೆ, ಸ್ವಲ್ಪ ನಾಚಿಕೊಂಡು.

ಮನೆ ಮುಂದಿನ ಓಣಿಯಲ್ಲಿ ಮೂರು ಕಾಲು ಬಿಡಿಸಿ ಯಂತ್ರ ಕೂರಿಸುತ್ತಾರೆ. ತಿರುಪು ತಿರುಗಿಸಿ ರಸಮಟ್ಟದ ಗುಳ್ಳೆಯನ್ನು ನಡುವಿಗೆ ತರುತ್ತಾರೆ. ಹಿತ್ತಾಳೆ ಬಿಸಿಲಿಗೆ ಹೊಳೆಯುತ್ತಿದ್ದಂತೆ ಅಕ್ಕಪಕ್ಕದವರೆಲ್ಲ ಬಂದು ಸುತ್ತುವರಿಯುತ್ತಾರೆ. ‘ನಂಗೆ ಮೊದಲು’, ‘ಏ ತಳ್ಬೇಡ್ವೇ’, ‘ಅಣ್ಣಾ, ಇದ್ರಲ್ಲಿ ಚಂದ್ರ ಕಾಣ್ತಾನಾ?’ ಕೋಲಣ್ಣನ ಹೆಂಡತಿಯೂ ಇಸ್ತ್ರಿ ಬಿಟ್ಟು ಬಂದು ಸಾಲಿನಲ್ಲಿ ನಿಂತಿದ್ದಾರೆ. ಓಣಿಯ ಆ ತುದಿ ಖಾಲಿ. ಅಲ್ಲಿ ಅಳತೆಕೋಲು ಗೋಡೆಗೆ ಒರಗಿಕೊಂಡಿದೆ.

ಕೋಲಣ್ಣ ಒಂದು ಕಣ್ಣು ಮುಚ್ಚಿ, ಬಾಗಿ, ದುರ್ಬೀನಿಗೆ ಕಣ್ಣಿಡುತ್ತಾರೆ.

“ಯಾರಾದ್ರೂ ಒಬ್ರು ಆ ಕಡೆ ಹೋಗಿ ಕೋಲು ಹಿಡ್ಕೊಳ್ರಪ್ಪ.”