ಚಾರಿಟಿ ಮ್ಯಾಚಿನ ದಿನ ಮೆಟಿಲ್ಡಾ

ದುಬೈಯ ಅಲ್ ಮುರಕ್ಕಬಾತ್‌ನ ಆ ಕ್ಲಿನಿಕ್ಕಿಗೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬರುವವರು ಮೆಟಿಲ್ಡಾ ಸಿಸ್ಟರೇ ಬೇಕು ಎನ್ನುತ್ತಿದ್ದರು. ಕಿನ್ನಿಗೋಳಿಯ ಹೆಣ್ಣು. ಕೈ ಹಗುರ, ಮಾತು ಕಡಿಮೆ. ತನ್ನ ಮೈಮೇಲಿನ ಗಾಯಗಳಿಗೆ ಮಾತ್ರ ಅವಳೇ ಮದ್ದು ಹಚ್ಚಿಕೊಳ್ಳಬೇಕಿತ್ತು. ಗಂಡ ಕ್ಯಾಮಿಲಸ್ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದ. ಒಮ್ಮೆ ಪಕ್ಕೆಲುಬು ಮುರಿದಾಗ ಬಾತ್‌ರೂಮಿನಲ್ಲಿ ಜಾರಿದೆ ಎಂದಳು. ಡಾಕ್ಟರು ಎಕ್ಸ್‌ರೇ ನೋಡಿದರು, ಅವಳ ಮುಖ ನೋಡಿದರು, ನೋವಿನ ಮಾತ್ರೆ ಬರೆದುಕೊಟ್ಟರು.

ಹೊರಗೆ ಕ್ಯಾಮಿಲಸ್‌ಗೆ ದೊಡ್ಡ ಹೆಸರು. ಯೂನಿವರ್ಸಿಟಿ ತಂಡಕ್ಕೆ ಆಡಿದ ಡಿಫೆಂಡರ್. ಅವನನ್ನು ದಾಟಿ ಹೋದವನು ಕುಂಟದೆ ಮನೆಗೆ ಹೋಗುವುದಿಲ್ಲ ಎಂದು ಹಳೆಯ ಗೆಳೆಯರು ಈಗಲೂ ನಗುತ್ತಾ ಹೇಳುತ್ತಿದ್ದರು.

೨೦೧೪ರ ಚಳಿಗಾಲದಲ್ಲಿ ಅಬುಧಾಬಿ ಹತ್ತಿರದ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಗ್ಯಾಸ್ ಸಿಲಿಂಡರ್ ಸಿಡಿದು ಗುಣಪಾಲ ಎಂಬ ವೆಲ್ಡರ್ ಮೈಯೆಲ್ಲ ಸುಟ್ಟುಕೊಂಡ. ಅವನ ಚಿಕಿತ್ಸೆಗೆ ಹಣ ಕೂಡಿಸಲೆಂದು ಊರಿನವರ ಸಂಘದವರು ಸೇರಿ ದುಬೈನ ಒಂದು ಶಾಲೆಯ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯ ಇಟ್ಟರು. ಮಂಗಳೂರಿನ ಕಾಲೇಜುಗಳಲ್ಲಿ ಆಡಿ ಹೆಸರು ಮಾಡಿದವರು ಒಂದು ಕಡೆ, ಉಡುಪಿಯ ಕಾಲೇಜುಗಳವರು ಇನ್ನೊಂದು ಕಡೆ. ಫಸ್ಟ್ ಏಡ್ ಪೆಟ್ಟಿಗೆ ಹಿಡಿದು ಗೆರೆಯಾಚೆ ಕುಳಿತವಳು ಮೆಟಿಲ್ಡಾ. ಮಗಳು ಅಲಿಶಾ ಮೆಟ್ಟಿಲ ಮೇಲೆ ಚಿಪ್ಸ್ ತಿನ್ನುತ್ತಿದ್ದಳು.

ಉಡುಪಿ ಕಡೆಯ ಸುಜಿತ್ ಎಂಬ ಹುಡುಗ ಕಾಲೇಜು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಮೊದಲ ಅರ್ಧದಲ್ಲಿ ಅವನು ಕ್ಯಾಮಿಲಸ್‌ನ ಎರಡು ಕಾಲುಗಳ ನಡುವಿನಿಂದ ಚೆಂಡು ನೂಕಿ ಮುಂದೆ ಓಡಿದ. ಜನ ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹಾಗೇ ಮಾಡಿದ. ಈ ಸಲ ಕ್ಯಾಮಿಲಸ್‌ನ ತಂಡದವರೂ ನಕ್ಕರು.

ಮೆಟಿಲ್ಡಾ ಗಂಡನ ಮುಖ ನೋಡಿದಳು. ದವಡೆ ಬಿಗಿದಿತ್ತು. ಆ ಮುಖ ಅವಳಿಗೆ ಗೊತ್ತಿತ್ತು. ಪೆಟ್ಟಿಗೆ ಎತ್ತಿಕೊಂಡು ಎದ್ದು ನಿಂತಳು.

ಮುಂದಿನ ಸಲ ಚೆಂಡು ಸುಜಿತ್‌ನ ಹತ್ತಿರ ಬರುವ ಮೊದಲೇ ಕ್ಯಾಮಿಲಸ್ ಎರಡೂ ಕಾಲು ಚಾಚಿ ಹಾರಿದ. ಬೂಟಿನ ಮುಳ್ಳುಗಳು ಮೊಣಕಾಲಿನ ಕೆಳಗೆ ನಾಟಿದವು. ಎಲುಬು ಮುರಿದ ಸದ್ದು ಮೆಟ್ಟಿಲುಗಳವರೆಗೂ ಕೇಳಿಸಿತು. ಸುಜಿತ್ ಅಮ್ಮಾ ಎಂದು ಕಿರುಚಿ ಬಿದ್ದ. ಕಾಲು ಬೇರೆಯೇ ದಿಕ್ಕಿಗೆ ತಿರುಗಿತ್ತು, ಎಲುಬಿನ ತುದಿ ಚರ್ಮ ಸೀಳಿ ಹೊರಗೆ ಕಾಣುತ್ತಿತ್ತು.

ಮೆಟಿಲ್ಡಾ ಓಡಿ ಬಂದು ಮಂಡಿಯೂರಿ ಎರಡೂ ಕೈಯಿಂದ ಕಾಲನ್ನು ಬಿಗಿಯಾಗಿ ಹಿಡಿದಳು.

"ಅಲ್ಲಾಡಬೇಡ ಮಾರಾಯ. ನಾನು ಹಿಡಿದಿದ್ದೇನೆ. ಯಾರಾದ್ರೂ ಕಾಲಿಗೆ ಕಟ್ಲಿಕ್ಕೆ ನೀರಿನ ಬಾಟ್ಲಿ ಪೆಟ್ಟಿಗೆಯ ರಟ್ಟು ತನ್ನಿ, ಆಂಬುಲೆನ್ಸಿಗೆ ಫೋನ್ ಮಾಡಿ."

ರೆಫ್ರಿ ಅಬ್ದುಲ್ ರವೂಫ್ ಕೆಂಪು ಕಾರ್ಡು ತೋರಿಸಿದ. ಕ್ಯಾಮಿಲಸ್ ಅವನನ್ನು ತಳ್ಳಿ ಹೆಂಡತಿಯ ಕಡೆ ಬಂದ.

"ಏಳು. ನನ್ನನ್ನು ನೋಡಿ ನಗಾಡಿದವನ ಕಾಲು ಹಿಡಿಯುದಾ ನೀನು?"

"ಬಿಟ್ರೆ ರಕ್ತನಾಳ ತುಂಡಾಗ್ತದೆ," ಎಂದಳು, ತಲೆ ಎತ್ತದೆ.

ಅವನು ಕೂದಲು ಹಿಡಿದು ಜಗ್ಗಿದ. ಅವಳ ಕುತ್ತಿಗೆ ಹಿಂದಕ್ಕೆ ಬಾಗಿತು, ಕೈ ಮಾತ್ರ ಅಲ್ಲೇ ಇತ್ತು. ಮುಷ್ಟಿಯಿಂದ ಬಾಯಿಗೆ ಗುದ್ದಿದ. ತುಟಿ ಒಡೆದು ರಕ್ತ ಸುಜಿತ್‌ನ ಕಾಲುಚೀಲದ ಮೇಲೆ ಸುರಿಯಿತು. ಎರಡನೆಯ ಏಟು ಕಿವಿಗೆ ಬಿತ್ತು. ತಡೆಯಲು ಬಂದ ರವೂಫ್‌ನ ಮೂಗನ್ನು ಹಣೆಯಿಂದ ಜಜ್ಜಿದ. ಕೊನೆಗೆ ಎರಡೂ ತಂಡದವರು ಮೇಲೆ ಬಿದ್ದು ಅವನನ್ನು ಹುಲ್ಲಿಗೆ ಒತ್ತಿ ಹಿಡಿದರು. ಸ್ಟ್ರೆಚರ್ ಬರುವವರೆಗೂ ಮೆಟಿಲ್ಡಾ ಕಾಲು ಬಿಡಲಿಲ್ಲ.

ಆಸ್ಪತ್ರೆಗೆ ಪೊಲೀಸರು ಬರುವ ಮುಂಚೆಯೇ ಸಂಘದ ಮೋಹನದಾಸ್ ಓಡಿ ಬಂದರು.

"ಬಾಯಮ್ಮಾ, ಕಂಪ್ಲೇಂಟ್ ಆದ್ರೆ ಅವನಿಗೆ ಖಲಾಸ್, ಡಿಪೋರ್ಟ್ ಮಾಡ್ತಾರೆ. ಆಟದ ಬಿಸಿಯಲ್ಲಿ ಆದದ್ದು ಅಂತ ಹೇಳಿಬಿಡಿ. ಒಳ್ಳೆ ಕೆಲಸಕ್ಕೆ ಇಟ್ಟ ಮ್ಯಾಚ್ ಅಲ್ವಾ?"

ಮೆಟಿಲ್ಡಾಳಿಗೆ ಬಾಯಿ ತೆರೆಯಲು ಕಷ್ಟವಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಅಲಿಶಾ ಹೇಳಿದಳು: "ಅಂಕಲ್, ಹಿ ಡಸ್ ಇಟ್ ಅಟ್ ಹೋಮ್ ಆಲ್ಸೋ."

ಮೋಹನದಾಸ್ ಬಾಗಿಲ ಕಡೆ ನಡೆದರು.

ಪೊಲೀಸ್ ಅಧಿಕಾರಿಗೆ ಮೆಟಿಲ್ಡಾ ಮೈದಾನದ್ದನ್ನೂ ಹೇಳಿದಳು, ಪಕ್ಕೆಲುಬಿನದ್ದನ್ನೂ ಹೇಳಿದಳು. ಕೋರ್ಟಿನಲ್ಲಿ ದುಭಾಷಿ, ಗಂಡನನ್ನು ಕ್ಷಮಿಸುತ್ತೀಯಾ ಎಂದು ಕೇಳಿದಾಗ ಇಲ್ಲ ಎಂದಳು. ಕ್ಯಾಮಿಲಸ್ ಜೈಲು ಮುಗಿಸಿ ಗಡೀಪಾರಾದ. ಸುಜಿತ್‌ನ ಕಾಲಿಗೆ ರಾಡ್ ಹಾಕಿದರು. ನಡೆಯುತ್ತಾನೆ, ಆಡುವುದಿಲ್ಲ. ಗುಣಪಾಲ ಬದುಕಿ ಊರಿಗೆ ಹೋದ. ಗಂಡನನ್ನು ಹಿಡಿದುಕೊಟ್ಟವಳು ಎಂದು ಇಗರ್ಜಿಯಲ್ಲಿ ಕೆಲವರು ಮೆಟಿಲ್ಡಾಳ ಪಕ್ಕ ಕೂರುವುದನ್ನು ಬಿಟ್ಟರು.

ಅವಳು ಮಗಳೊಂದಿಗೆ ದೇರಾದಲ್ಲಿ ಸಹೋದ್ಯೋಗಿ ರಾಜೀವಿಯ ಫ್ಲ್ಯಾಟಿನ ಒಂದು ಕೋಣೆಗೆ ಬಂದಳು. ಮೊದಮೊದಲು ಹೊರಗೆ ಯಾರಾದರೂ ಬಾಗಿಲು ಬಡಿದರೆ ತಾಯಿ ಮಗಳಿಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಮಳೆ ಬಂದ ಒಂದು ಸಂಜೆ ಗಾಳಿಗೆ ಪಕ್ಕದ ಕೋಣೆಯ ಬಾಗಿಲು ದಡಾರನೆ ಬಡಿದುಕೊಂಡಿತು. ಮೆಟಿಲ್ಡಾ ಬೆಚ್ಚಿ ತಿರುಗಿದಳು. ಅಲಿಶಾ ಹೋಮ್‌ವರ್ಕಿನಿಂದ ತಲೆಯೆತ್ತಲೂ ಇಲ್ಲ.