ಡೊಳ್ಳಣ್ಣನ ನಾಲ್ಕನೆಯ ಚೌಕ

ಎಪ್ಪತ್ತರ ದಶಕದಲ್ಲಿ ಇಂಡಿ ಪಟ್ಟಣದ ಬಸ್‌ಸ್ಟ್ಯಾಂಡಿನೆದುರು ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಗುರುಲಿಂಗಪ್ಪ, ಸೈಕಲ್ ಕಲಿಯುವವರು ಬಿದ್ದರೆ ಎತ್ತುತ್ತಿರಲಿಲ್ಲ. "ಏನಾಗಿಲ್ರಿ, ಇದು ಬರೇ ನಾಕನೇ ಚೌಕ" ಎನ್ನುತ್ತಿದ್ದ. ಅವನ ಬಾಲ್ಯದ ವಾರಪತ್ರಿಕೆಯಲ್ಲಿ ಡೊಳ್ಳಣ್ಣನೆಂಬ, ನಾಲ್ಕು ಚೌಕಗಳ ವ್ಯಂಗ್ಯಚಿತ್ರದ ಆಸಾಮಿ ಪ್ರತಿವಾರ ನಾಲ್ಕನೆಯ ಚೌಕದಲ್ಲಿ ತಿಪ್ಪೆಗೋ ಹಳ್ಳಕ್ಕೋ ಬಿದ್ದು, ಮರುವಾರ ಮೊದಲ ಚೌಕದಲ್ಲಿ ಟೊಪ್ಪಿಗೆಯ ಮಣ್ಣು ಝಾಡಿಸುತ್ತ ಎದ್ದು ನಿಂತಿರುತ್ತಿದ್ದ. ಒಂಟಿ ಕಾಲಿನ ಗುರುಲಿಂಗಪ್ಪ ಕಂಕುಳಿಗೆ ಊರುಗೋಲು ಸಿಕ್ಕಿಸಿಕೊಂಡು ಕಲಿಯುವವರ ಹಿಂದೆ ಓಡತೊಡಗಿದರೆ ಸಿಂದಗಿ ಬಸ್ಸೂ ದಾರಿ ಬಿಡುತ್ತಿತ್ತು. ಹಳ್ಳಿಹಳ್ಳಿಗೆ ಹೆರಿಗೆ ಮಾಡಿಸಲು ಹೋಗಬೇಕಾದ ಹೊಸ ನರ್ಸಬಾಯಿ ಶೇವಂತೆವ್ವ ಏಳನೆಯ ಸಲ ಬಿದ್ದು, "ಸಾಕ್ರಿ, ನೌಕರೀನ ಬಿಡ್ತೇನಿ" ಎಂದು ನೆಲದ ಮೇಲೇ ಕೂತಾಗ ಮಾತ್ರ ಅವನು ಚೌಕದ ಮಾತೆತ್ತದೆ, ಪಂಚರ್ ಪೆಟ್ಟಿಗೆಯ ಮುಚ್ಚಳ ತೆರೆದು ಅವಳ ಮುಂದಿಟ್ಟ. ಒಳಗೆ ಅಂಟಿಸಿದ್ದ ಹಳೆಯ ಹಾಳೆಯಲ್ಲಿ ಡೊಳ್ಳಣ್ಣ ಬಾವಿಗೆ ಬಿದ್ದಿದ್ದ. "ಇದರ ಮುಂದ ಪತ್ರಿಕೀನ ನಿಂತ್ಹೋತ್ರಿ. ಆವಾಗ ನಾ ಮಿರಜದಾಗ ದವಾಖಾನ್ಯಾಗಿದ್ದೆ, ಕಾಲು ತಗದಿದ್ರು," ಎಂದ. ಚಿತ್ರದ ಕೆಳಗೆ ಮಗುವಿನ ಕೈ ಪೆನ್ಸಿಲಿನಲ್ಲಿ ಇನ್ನೊಂದು ಚೌಕ ಬರೆದಿತ್ತು: ಡೊಳ್ಳಣ್ಣ ಟೊಪ್ಪಿಗೆ ಝಾಡಿಸುತ್ತ ನಗುತ್ತಿದ್ದ, ಒಂದೇ ಕಾಲು, ಕಂಕುಳಲ್ಲಿ ಊರುಗೋಲು. ಶೇವಂತೆವ್ವ ಸೀರೆಯ ಮಣ್ಣು ಝಾಡಿಸುತ್ತ ಎದ್ದು ನಿಂತಳು.