ಹೆಂಡತಿಯ ಗಿಟಾರಿಗೆ ನಾನು ಹಾಕಿದ ಸ್ವಿಚ್ಚು

ಸ್ವಿಚ್ ಎಳೆದಿದ್ದೇ ತಡ, ಗಿಟಾರ್ ಗಪ್‌ಚಿಪ್!

ಶನಿವಾರ ಬೆಳಿಗ್ಗೆಯ ಮಾತು. ಮರುದಿನ ಕುಣಿಗಲ್‌ನಲ್ಲಿ ನನ್ನ ಹೆಂಡತಿ ಸುಮಾಳ ಕಾಲೇಜು ಗೆಳತಿಯರ ಕಾರ್ಯಕ್ರಮ. ಇಪ್ಪತ್ತೈದು ವರ್ಷದ ನಂತರ ಅವಳು ಸ್ಟೇಜ್ ಹತ್ತಿ ಎಲೆಕ್ಟ್ರಿಕ್ ಗಿಟಾರ್ ನುಡಿಸಬೇಕಿತ್ತು. (ಮದುವೆಯಾದ ಮೇಲೆ ಅದು ಅಟ್ಟ ಸೇರಿತ್ತು. ಸೇರಿಸಿದ್ದು ಯಾರು ಅಂತ ಮಾತ್ರ ಕೇಳಬೇಡಿ.)

ಅದರಲ್ಲಿ ಎರಡು ಹಂಬಕರ್ ಪಿಕಪ್‌ಗಳಿವೆ. ಅಂದರೆ ತಂತಿಗಳ ಕೆಳಗೆ ಕೂತು ದನಿ ಹಿಡಿಯುವ ಜೋಡಿ ಕಾಯಿಲ್‌ಗಳು. ಎರಡೂ ಒಟ್ಟಿಗೆ ನುಡಿಯುವಾಗ ಒಂದರ ತುದಿಗಳನ್ನು ಅದಲುಬದಲು ಮಾಡಿದರೆ ದನಿ ತೆಳ್ಳಗಾಗುತ್ತದೆ, ಮೂಗಿನಲ್ಲಿ ಮಾತಾಡಿದ ಹಾಗೆ. ಒಂದು ಹಾಡಿಗೆ ಸುಮಾಳಿಗೆ ಅದೇ ದನಿ ಬೇಕಿತ್ತು. ಹೊಸ ಪಿಕಪ್ಪು, ಎಳೆದರೆ ತುದಿ ಅದಲುಬದಲು ಮಾಡುವ ಫೇಸ್ ಸ್ವಿಚ್ಚು ತರಿಸಿದಳು. ಜೊತೆಗೆ ಬಂದ ಚೀಟಿಯನ್ನೂ ಓದಿಟ್ಟುಕೊಂಡಳು.

"ರೀ, ಹಸಿರು ವೈರ್ ಬೇರೆಯಾಗೇ ಇರ್ಬೇಕಂತೆ."

"ಇಡೀ ಮನೆ ವೈರಿಂಗ್ ಮಾಡಿರೋನು ನಾನು ಕಣೇ. ಹಸಿರು ಅಂದ್ರೆ ಅರ್ಥಿಂಗ್. ನಂಗೇ ಹೇಳ್ಕೊಡ್ತೀಯಾ?"

ಹಸಿರನ್ನು ಪಕ್ಕದ ಬೋಳು ತಂತಿಯ ಜೊತೆ ಹೊಸೆದು, ಸೋಲ್ಡರ್ ಹಾಕಿ, ಮೀಸೆ ತಿರುವಿದೆ. ಸ್ವಿಚ್ ಎಳೆದರೆ ಸದ್ದಿಲ್ಲ. ಸರಿಮಾಡಲು ಹೋಗಿ ಮೊದಲಿದ್ದ ದನಿಯನ್ನೂ ಕಳೆದೆ.

"ಬಿಡಿ, ನಾಳೆ ನಾನ್ ಬರಲ್ಲ ಅಂತ ಫೋನ್ ಮಾಡ್ತೀನಿ," ಅಂದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಗಿಟಾರನ್ನು ಚೀಲಕ್ಕೆ ತುಂಬಿ ಅವಳನ್ನೂ ಹೊರಡಿಸಿದೆ.

ತುಮಕೂರಿನ ನಮ್ಮ ಮನೆಯಿಂದ ಸೀದಾ ಗುಬ್ಬಿಗೆ ಹೋದೆವು. ನಮ್ಮ ಬೋರ್‌ವೆಲ್ ಮೋಟಾರಿನ ಕಾಯಿಲ್ ಸುತ್ತಿಕೊಡುವ ಬಸವರಾಜು ಅಲ್ಲಿದ್ದಾರೆ. ಗಿಟಾರಿನ ಹೊಟ್ಟೆಯನ್ನು ಅವರು ನೋಡಿದ್ದು ಅದೇ ಮೊದಲು.

"ಚೀಟಿ ಗೀಟಿ ಏನಾರ ಐತಾ ಸಾರ್?"

ನಾನು ಆಕಾಶ ನೋಡಿದೆ. ಸುಮಾ ಪರ್ಸಿನಿಂದ ತೆಗೆದು ಓದಿದಳು.

ಬಸವರಾಜು ನಕ್ಕರು. "ಮೇಡಮ್ ಹೇಳಿದ್ದೇ ಸರಿ ಸಾರ್. ಇದೇನ್ ಮನೆ ವೈರಿಂಗಾ? ಹಸಿರು ಇಲ್ಲಿ ಕಾಯಿಲ್ ತುದಿ, ಸ್ವಿಚ್ಚಿಗೆ ಹೋಗ್ಬೇಕು. ಬೋಳು ತಂತಿ ಮಾತ್ರ ಅರ್ಥಿಂಗು. ಮೋಟ್ರು ಉಲ್ಟಾ ತಿರುಗ್ಸಕ್ಕೆ ನಾವು ತುದಿ ಬದ್ಲಾಯಿಸಲ್ವಾ, ಹಂಗೇ ಇದೂ. ನೀವು ಒಂದು ತುದೀನ ಅರ್ಥಿಂಗಿಗೇ ಕಟ್ಟಾಕಿದ್ರೆ ಬದ್ಲಾಯಿಸೋದು ಏನ?"

ನಾನು ಹೌದೌದು ಎಂದು ತಲೆಯಾಡಿಸಿದೆ. ಸುಮಾ ನನ್ನನ್ನೇ ನೋಡಿದಳು. ಬೆಳಿಗ್ಗೆ ಅವಳು ಹೇಳಿದ್ದೂ ಇದನ್ನೇ ಅಲ್ಲವೇ? ಮನೆಯವಳು ಹೇಳಿದಾಗ ಕಿವಿಗೆ ಬೀಳದ ಮಾತು ಗುಬ್ಬಿಯಲ್ಲಿ ಯಾಕೆ ಅಷ್ಟು ಸ್ಪಷ್ಟವಾಗಿ ಕೇಳಿಸಿತು? (ಗಂಡಂದಿರೇ, ನಿಮ್ಮನ್ನೂ ಕೇಳುತ್ತಿದ್ದೇನೆ.)

ಬಸವರಾಜು ಹಸಿರನ್ನು ಬಿಡಿಸಿ ಸ್ವಿಚ್ಚಿಗೆ ಬೆಸೆದುಕೊಟ್ಟರು. ಭಾನುವಾರ ಕುಣಿಗಲ್‌ನಲ್ಲಿ ಹಾಡಿನ ನಡುವೆ ಸುಮಾ ಟಕ್ ಅಂತ ಸ್ವಿಚ್ ಎಳೆದಳು. ಆ ತೆಳ್ಳನೆಯ ದನಿ ಡ್ರಮ್ಮು, ಕೀಬೋರ್ಡು ಎಲ್ಲವನ್ನೂ ಸೀಳಿಕೊಂಡು ಬಂತು. ಗೆಳತಿಯರು ಎದ್ದು ನಿಂತು ಶಿಳ್ಳೆ ಹೊಡೆದರು. ನನ್ನ ಕಣ್ಣು ತುಂಬಿತ್ತು. ನಾಚಿಕೆಯೇನಿಲ್ಲ, ಬರೆದೇಬಿಟ್ಟಿದ್ದೇನೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು: "ಇನ್ನೊಂದು ಪಿಕಪ್ಪಿಗೂ ಸ್ವಿಚ್ ಹಾಕ್ಬೇಕು ರೀ. ಸೋಲ್ಡರ್ ನಾನೇ ಹಾಕ್ತೀನಿ. ನೀವು ಟಾರ್ಚ್ ಹಿಡ್ಕೊಂಡ್ರೆ ಸಾಕು."

ಬಾಯಿ ಮುಚ್ಚಿಕೊಂಡು ಟಾರ್ಚ್ ಹಿಡಿಯುವುದನ್ನು ಈ ವಯಸ್ಸಿನಲ್ಲಾದರೂ ಕಲಿಯಬಹುದು, ಅಲ್ಲವೇ?